ಮೌನವಾದ ಗಣಕಯಂತ್ರ

ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನ ಕುಡಚಿ ಕೃಷ್ಣಾ ನದಿಯ ದಡದಲ್ಲಿರುವ ಊರು. ಸುತ್ತಲಿನ ಕಬ್ಬಿನ ಹೊಲಗಳಿಗೆ ವಿದ್ಯುತ್ ಪಂಪುಗಳೇ ಆಧಾರ. ಒಂದು ಮುಂಜಾನೆ ಪಂಪು ಓಡದಿದ್ದರೆ ಅನುಭವಿಯಾದ ರೈತನು ಕೂಡಲೇ ಮೋಟಾರನ್ನು ಬಿಚ್ಚಿ ಪೇಟೆಗೆ ಸಾಗಿಸುವುದಿಲ್ಲ. ಕರೆಂಟು ಬಂದಿದೆಯೇ, ಮೂರು ಫೇಸುಗಳೂ ಇವೆಯೇ, ಫ್ಯೂಸು ಹೋಗಿದೆಯೇ ಎಂದು ಮೊದಲು ನೋಡುತ್ತಾನೆ. ಮೋಟಾರು ಓಡಿಯೂ ನೀರು ಬಾರದಿದ್ದರೆ ಫುಟ್‌ವಾಲ್ವನ್ನು ಪರೀಕ್ಷಿಸುತ್ತಾನೆ. ಸುಲಭವಾದುದನ್ನು ಮೊದಲು, ಕಠಿಣವಾದುದನ್ನು ಕೊನೆಗೆ ನೋಡಬೇಕೆಂಬ ಈ ವಿವೇಕವೇ ಎಲ್ಲ ಯಂತ್ರಗಳ ದುರಸ್ತಿಯ ಮೂಲಸೂತ್ರ.

ಇದೇ ವಿವೇಕವನ್ನು ಹಳೆಯ ಗಣಕಯಂತ್ರಕ್ಕೂ ಅನ್ವಯಿಸಬಹುದು. 2001ರ ಸುಮಾರಿಗೆ ಕರ್ನಾಟಕ ಸರ್ಕಾರವು ಆರಂಭಿಸಿದ ‘ಮಾಹಿತಿ ಸಿಂಧು’ ಯೋಜನೆಯ ಮೂಲಕ ಅನೇಕ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಯಂತ್ರಗಳು ಬಂದವು. ಅಂಗಡಿಗಳಲ್ಲಿಯೂ ಮನೆಗಳಲ್ಲಿಯೂ ಮೇಜಿನ ಮೇಲೆ ಇಂತಹ ಯಂತ್ರಗಳು ನೆಲೆಸಿದವು. ವರ್ಷಗಳು ಕಳೆದ ಮೇಲೆ ಒಂದು ದಿನ ಗುಂಡಿ ಒತ್ತಿದರೂ ಯಂತ್ರವು ಮಾತನಾಡದು. ‘ಇದು ಸತ್ತಿತು’ ಎಂದು ಅದನ್ನು ಗುಜರಿಗೆ ಹಾಕುವವರೇ ಹೆಚ್ಚು. ಆದರೆ ಎಷ್ಟೋ ವೇಳೆ ಸತ್ತಿರುವುದು ಯಂತ್ರವಲ್ಲ. ಅದರ ಒಂದು ಸಣ್ಣ ಅಂಗ ಮಾತ್ರ.

ದೋಷವನ್ನು ಕಂಡುಹಿಡಿಯಬೇಕಾದರೆ ಯಂತ್ರವು ಎಚ್ಚರಗೊಳ್ಳುವ ಕ್ರಮವನ್ನು ಅರಿತಿರಬೇಕು. ಗೋಡೆಯಿಂದ ಬರುವ 230 ವೋಲ್ಟುಗಳ ಪರ್ಯಾಯ ವಿದ್ಯುತ್ತನ್ನು ಪೆಟ್ಟಿಗೆಯೊಳಗಿನ ವಿದ್ಯುತ್ ಪೂರೈಕೆ ಘಟಕವು 12, 5 ಮತ್ತು 3.3 ವೋಲ್ಟುಗಳ ನೇರ ವಿದ್ಯುತ್ತನ್ನಾಗಿ ಮಾರ್ಪಡಿಸುತ್ತದೆ. ಬಳಿಕ ಮುಖ್ಯಫಲಕದ ಮೇಲಿನ ಒಂದು ಚಿಪ್ಪಿನಲ್ಲಿ ನೆಲೆಸಿರುವ ‘ಬಯಾಸ್’ ಎಂಬ ಕ್ರಮವಿಧಿಯು ಸ್ಮೃತಿ, ಕೀಲಿಮಣೆ ಮುಂತಾದ ಅಂಗಗಳನ್ನು ಪರೀಕ್ಷಿಸುತ್ತದೆ. ಎಲ್ಲವೂ ಸರಿಯಿದ್ದರೆ ಹಾರ್ಡ್‌ಡಿಸ್ಕಿನಿಂದ ಕಾರ್ಯಾಚರಣೆಯ ವ್ಯವಸ್ಥೆಯನ್ನು ಓದಿಕೊಂಡು ಪರದೆಯನ್ನು ನಮಗೆ ಒಪ್ಪಿಸುತ್ತದೆ. ಈ ಪಯಣವು ಯಾವ ಹಂತದಲ್ಲಿ ನಿಂತಿತು ಎಂಬುದೇ ನಾವು ಕೇಳಬೇಕಾದ ಪ್ರಶ್ನೆ.

ದೀಪವೂ ಬೆಳಗದೆ, ಪಂಖವೂ ತಿರುಗದೆ ಇದ್ದರೆ ದೋಷವು ವಿದ್ಯುತ್ತಿನ ಹಾದಿಯಲ್ಲಿರುವುದು ಸಂಭವ. ಅದೇ ಸಾಕೆಟ್ಟಿಗೆ ಒಂದು ಮೇಜುದೀಪವನ್ನು ಜೋಡಿಸಿ ನೋಡಬೇಕು. ನಡುವೆ ಯು.ಪಿ.ಎಸ್. ಇದ್ದರೆ ಅದನ್ನು ಬಿಟ್ಟು ಯಂತ್ರವನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಜೋಡಿಸಬೇಕು, ಹಳೆಯ ಯು.ಪಿ.ಎಸ್.ನ ಬ್ಯಾಟರಿ ಬರಿದಾಗಿರುವುದು ಅಪರೂಪವಲ್ಲ. ಪೆಟ್ಟಿಗೆಯ ಹಿಂಬದಿಯ ಸ್ವಿಚ್ಚು ಆರಿದೆಯೇ, ತಂತಿ ಸಡಿಲವಾಗಿದೆಯೇ ಎಂದು ಗಮನಿಸಬೇಕು. ಇವೆಲ್ಲ ಸರಿಯಿದ್ದರೆ ಘಟಕವೇ ಕೆಟ್ಟಿರಬಹುದು.

ಪಂಖ ತಿರುಗಿದರೂ ಪರದೆ ಕಪ್ಪಾಗಿದ್ದರೆ ವಿದ್ಯುತ್ತು ಒಳಗೆ ತಲುಪಿದೆ ಎಂದರ್ಥ. ಪರದೆಯ ದೀಪವನ್ನೂ ಅದರ ತಂತಿಯನ್ನೂ ಮೊದಲು ನೋಡಬೇಕು. ಆಗ ಪೆಟ್ಟಿಗೆಯಿಂದ ‘ಬೀಪ್’ ಎಂಬ ಸದ್ದು ಪದೇ ಪದೇ ಕೇಳಿಬಂದರೆ ಅದು ಯಂತ್ರವು ತನ್ನ ನೋವನ್ನು ಹೇಳಿಕೊಳ್ಳುವ ಭಾಷೆ. ಸದ್ದುಗಳ ಅರ್ಥವು ತಯಾರಕರಿಂದ ತಯಾರಕರಿಗೆ ಬೇರೆಯಾದರೂ, ಹಳೆಯ ಯಂತ್ರಗಳಲ್ಲಿ ಸ್ಮೃತಿಪಟ್ಟಿಯ ದೋಷವೇ ಅನೇಕ ಸಲ ಇದಕ್ಕೆ ಕಾರಣ. ಧೂಳು ಮತ್ತು ತೇವದಿಂದ ಅದರ ಲೋಹದ ಅಂಚು ಮಸುಕಾಗುತ್ತದೆ. ಪಟ್ಟಿಯನ್ನು ಹೊರತೆಗೆದು, ಅಂಚನ್ನು ಪೆನ್ಸಿಲಿನ ರಬ್ಬರಿನಿಂದ ಮೃದುವಾಗಿ ಉಜ್ಜಿ, ಪುಡಿಯನ್ನು ಕೊಡವಿ ಮತ್ತೆ ಬಿಗಿಯಾಗಿ ಕೂರಿಸಿದರೆ ಯಂತ್ರವು ಎಚ್ಚರಗೊಳ್ಳುವುದುಂಟು.

ಅಕ್ಷರಗಳು ಮೂಡಿ ಅಲ್ಲಿಯೇ ನಿಂತರೆ ಅವುಗಳನ್ನು ಓದಬೇಕು. ದಿನಾಂಕವು ಬಹಳ ಹಿಂದಿನದಾಗಿದ್ದರೆ ಮುಖ್ಯಫಲಕದ ಮೇಲಿನ ನಾಣ್ಯದಂತಹ 3 ವೋಲ್ಟಿನ ಕೋಶವು ಬರಿದಾಗಿರಬಹುದು. ಡಿಸ್ಕು ದೊರೆಯಲಿಲ್ಲವೆಂಬ ಸೂಚನೆ ಬಂದರೆ ಅದರ ತಂತಿಗಳು ಸಡಿಲವಾಗಿವೆಯೇ ಎಂದು ನೋಡಬೇಕು. ಮರೆತು ಬಿಟ್ಟ ಒಂದು ಪೆನ್‌ಡ್ರೈವ್ ಸಹ ಕೆಲವೊಮ್ಮೆ ದಾರಿಗೆ ಅಡ್ಡವಾಗುತ್ತದೆ.

ಇಲ್ಲಿ ಕೆಲವು ಎಚ್ಚರಿಕೆಗಳು ಅವಶ್ಯ. 1995ರಲ್ಲಿ ಇಂಟೆಲ್ ಸಂಸ್ಥೆ ರೂಪಿಸಿದ ಎ.ಟಿ.ಎಕ್ಸ್. ಮಾದರಿಯ ಯಂತ್ರಗಳಲ್ಲಿ, ಯಂತ್ರ ಆರಿದ್ದರೂ ಪ್ಲಗ್ಗು ಜೋಡಿಸಿರುವ ತನಕ 5 ವೋಲ್ಟುಗಳ ವಿದ್ಯುತ್ತು ಫಲಕದಲ್ಲಿ ಹರಿಯುತ್ತಿರುತ್ತದೆ. ಆದುದರಿಂದ ಪ್ಲಗ್ಗನ್ನು ಕಿತ್ತ ಬಳಿಕವೇ ಪೆಟ್ಟಿಗೆಯನ್ನು ತೆರೆಯಬೇಕು. ಒಳಗಿನ ಅಂಗಗಳನ್ನು ಮುಟ್ಟುವ ಮೊದಲು ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ವಿದ್ಯುತ್ ಪೂರೈಕೆ ಘಟಕವನ್ನು ಮಾತ್ರ ಎಂದಿಗೂ ಬಿಚ್ಚಬಾರದು. ಅದರೊಳಗಿನ ಕೆಪಾಸಿಟರುಗಳು ಪ್ಲಗ್ಗು ಕಿತ್ತ ಮೇಲೂ ಅಪಾಯಕಾರಿಯಾದ ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣೆಯ ಮಹಾಪೂರವು ಈ ಭಾಗದ ಅನೇಕ ಗ್ರಾಮಗಳಿಗೆ ನುಗ್ಗಿತ್ತು. ಅಂತಹ ಸಂದರ್ಭದಲ್ಲಿ ನೆನೆದ ಯಂತ್ರವನ್ನು ‘ಓಡುತ್ತದೆಯೋ ನೋಡೋಣ’ ಎಂದು ಚಾಲೂ ಮಾಡುವುದು ಯಂತ್ರಕ್ಕೂ ಪ್ರಾಣಕ್ಕೂ ಕುತ್ತು. ಅದನ್ನು ಬಲ್ಲವರ ಕೈಗೆ ಒಪ್ಪಿಸುವುದೇ ಲೇಸು.

ಯಂತ್ರಕ್ಕಿಂತ ಬೆಲೆಬಾಳುವ ವಸ್ತುವೊಂದು ಅದರೊಳಗಿದೆ. ಮಕ್ಕಳ ಅಂಕಪಟ್ಟಿ, ಅಂಗಡಿಯ ಲೆಕ್ಕ, ಅಗಲಿದ ಹಿರಿಯರ ಭಾವಚಿತ್ರ ಇವೆಲ್ಲ ಹಾರ್ಡ್‌ಡಿಸ್ಕಿನಲ್ಲಿವೆ. ವಿದ್ಯುತ್ ಘಟಕ ಅಥವಾ ಸ್ಮೃತಿಪಟ್ಟಿ ಕೆಟ್ಟ ಮಾತ್ರಕ್ಕೆ ಇವು ಸಾಮಾನ್ಯವಾಗಿ ನಾಶವಾಗುವುದಿಲ್ಲ. ಡಿಸ್ಕನ್ನು ಬೇರೊಂದು ಯಂತ್ರಕ್ಕೆ ಜೋಡಿಸಿ ಓದಿಕೊಳ್ಳಬಹುದು. ಆದರೆ ಡಿಸ್ಕಿನಿಂದಲೇ ‘ಟಕ್ ಟಕ್’ ಎಂಬ ಸದ್ದು ಬರುತ್ತಿದ್ದರೆ ಮತ್ತೆ ಮತ್ತೆ ಚಾಲೂ ಮಾಡದೆ ಕೂಡಲೇ ನಿಲ್ಲಿಸಬೇಕು. ಪರೀಕ್ಷೆಯನ್ನು ಅರಿಯದೆ ಪೆಟ್ಟಿಗೆಯನ್ನು ಗುಜರಿಗೆ ಕೊಟ್ಟವನು ಕಬ್ಬಿಣದ ಬೆಲೆಗೆ ತನ್ನ ನೆನಪುಗಳನ್ನೇ ಮಾರಿದಂತೆ.

ಕೊನೆಯದಾಗಿ ಒಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲವನ್ನು ಬರೆದಿಟ್ಟುಕೊಳ್ಳಬೇಕು. ನಾಲ್ಕನ್ನು ಒಟ್ಟಿಗೆ ಬದಲಿಸಿದವನ ಯಂತ್ರ ಓಡಿದರೂ ದೋಷ ಯಾವುದೆಂದು ಅವನಿಗೆ ತಿಳಿಯದು. ಹೊಳೆಯ ದಂಡೆಯ ರೈತನು ಪಂಪಿನ ಮುಂದೆ ತೋರುವ ತಾಳ್ಮೆಯೇ ಗಣಕಯಂತ್ರದ ಮುಂದೆಯೂ ಬೇಕು. ಯಂತ್ರಗಳು ಹಳೆಯವಾಗಬಹುದು, ಕಾರಣವನ್ನು ಹುಡುಕುವ ಈ ಕ್ರಮವು ಎಂದಿಗೂ ಹಳೆಯದಾಗದು.