ಫ್ಯಾನಿನ ಸ್ವಿಚ್ ಯಾರ ಕೈಯಲ್ಲಿರಬೇಕು?

ಕಾರನ್ನು ಬಿಡಿಭಾಗಗಳಾಗಿ ಕೊಂಡುತಂದು ಮನೆಯ ಗ್ಯಾರೇಜಿನಲ್ಲೇ ಜೋಡಿಸಿಕೊಳ್ಳುವ ರೂಢಿ ಬ್ರಿಟನ್ನಿನಲ್ಲಿ ಬಹಳ ಹಳೆಯದು. ಅಂಥ ಕಿಟ್ ಕಾರುಗಳಲ್ಲೆಲ್ಲ ಹೆಸರಾದದ್ದು ಕಾಲಿನ್ ಚಾಪ್‌ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್. ಪೂರ್ತಿ ತಯಾರಾದ ಕಾರಿಗೆ ಆಗ ಖರೀದಿ ತೆರಿಗೆ ಬೀಳುತ್ತಿತ್ತು, ಬಿಡಿಭಾಗಗಳಿಗೆ ಬೀಳುತ್ತಿರಲಿಲ್ಲ. ಕೈಯಲ್ಲಿ ಹೆಚ್ಚು ಹಣವಿಲ್ಲದ ಕಾರುಪ್ರೇಮಿಗಳು ಸ್ಪ್ಯಾನರ್ ಹಿಡಿಯಲು ಅಷ್ಟು ಕಾರಣ ಸಾಕಿತ್ತು. 1973ರಲ್ಲಿ ಸೆವೆನ್ ಕಾರಿನ ಹಕ್ಕು ಕೇಟರ್‌ಹ್ಯಾಮ್ ಕಂಪನಿಯ ಪಾಲಾಯಿತು. ನಮ್ಮ ಮಾರುತಿ 800ಕ್ಕಿಂತಲೂ ಹಗುರವಾದ ಈ ಪುಟ್ಟ ಕಾರನ್ನು ಜನ ಇವತ್ತಿಗೂ ಕಟ್ಟಿಕೊಳ್ಳುತ್ತಿದ್ದಾರೆ.

ಕಟ್ಟುವವರು ವೈರಿಂಗ್ ಕೆಲಸಕ್ಕೆ ಕೈಹಾಕಿದಾಗ ಒಂದು ಪ್ರಶ್ನೆ ಏಳುತ್ತದೆ. ರೇಡಿಯೇಟರಿನ ಫ್ಯಾನ್ ಬಿಸಿ ನೋಡಿಕೊಂಡು ತಾನೇ ತಿರುಗಬೇಕೆ, ಇಲ್ಲ ಚಾಲಕ ಸ್ವಿಚ್ ಹಾಕಿದಾಗ ಮಾತ್ರ ತಿರುಗಬೇಕೆ? ಶೋರೂಮಿನಿಂದ ಕಾರು ತರುವ ನಮಗೆ ಕಂಪನಿಯೇ ಇದನ್ನು ತೀರ್ಮಾನಿಸಿ ಕೊಟ್ಟಿರುತ್ತದೆ. ಸ್ವಂತ ಕೈಯಿಂದ ಕಟ್ಟುವವರು ಮಾತ್ರ ಉತ್ತರ ಹುಡುಕಬೇಕು. ಎರಡೂ ಇರಲಿ ಎನ್ನುವವನು ನಾನು. ಆದರೆ ಎರಡನ್ನೂ ಹೇಗೆ ಸೇರಿಸುತ್ತೇವೆ ಎಂಬುದರಲ್ಲಿ ಇಂಜಿನಿನ ಆಯಸ್ಸು ಅಡಗಿದೆ.

ಪೆಟ್ರೋಲ್ ಉರಿದು ಹುಟ್ಟುವ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸವಾಗಿ ಸಿಗುತ್ತದೆ. ಸರಿಸುಮಾರು ಅಷ್ಟೇ ಪಾಲು ಹೊಗೆಯ ಜೊತೆ ಸೈಲೆನ್ಸರಿನಿಂದ ಹೊರಬೀಳುತ್ತದೆ, ಹೆಚ್ಚುಕಡಿಮೆ ಅಷ್ಟನ್ನೇ ಕೂಲೆಂಟ್ ಹೊತ್ತು ರೇಡಿಯೇಟರಿಗೆ ತರುತ್ತದೆ. ಕಾರು ಓಡುತ್ತಿದ್ದರೆ ಎದುರುಗಾಳಿಯೇ ಆ ಬಿಸಿಯನ್ನು ಒಯ್ಯುತ್ತದೆ. ಗಂಟೆಗೆ ಐವತ್ತು ಕಿಲೋಮೀಟರ್ ದಾಟಿದ ಮೇಲೆ ಫ್ಯಾನಿಗೆ ಸಾಮಾನ್ಯವಾಗಿ ಕೆಲಸವೇ ಇರುವುದಿಲ್ಲ. ಅದು ಬೇಕಾಗುವುದು ಟ್ರಾಫಿಕ್‌ನಲ್ಲಿ ನಿಂತಾಗ, ದಿಬ್ಬವನ್ನು ನಿಧಾನವಾಗಿ ಹತ್ತುವಾಗ, ರೇಸ್ ಟ್ರ್ಯಾಕಿನಲ್ಲಿ ಜೋರಾಗಿ ಓಡಿಸಿ ಬಂದು ತಟ್ಟನೆ ನಿಲ್ಲಿಸಿದಾಗ. ಸೆವೆನ್ ಕಾರಿನ ಮೂತಿ ಕಿರಿದು, ರೇಡಿಯೇಟರ್ ಚಿಕ್ಕದು, ಒಳಗಿನ ನೀರೂ ಕಡಿಮೆ. ನಿಂತ ಕೆಲವೇ ನಿಮಿಷಗಳಲ್ಲಿ ಟೆಂಪರೇಚರ್ ಮುಳ್ಳು ಮೇಲೇಳುತ್ತದೆ.

ತಾನಾಗಿ ನಡೆಯುವ ವ್ಯವಸ್ಥೆಯ ಜೀವಾಳ ರೇಡಿಯೇಟರಿಗೆ ತಿರುಗಿಸಿ ಕೂರಿಸಿದ ಒಂದು ಚಿಕ್ಕ ಹಿತ್ತಾಳೆಯ ಸ್ವಿಚ್. ಬ್ರಿಟನ್ನಿನ ಹಳೆಯ ಮೆಕ್ಯಾನಿಕ್‌ಗಳು ಇದನ್ನು ಆಟರ್ ಸ್ವಿಚ್ ಎನ್ನುತ್ತಾರೆ. ಕೆಟಲ್‌ಗಳ ಸ್ವಿಚ್ ತಯಾರಿಸುವ ಬಕ್‌ಸ್ಟನ್ ಊರಿನ ಕಂಪನಿಯ ಹೆಸರೇ ಇದಕ್ಕೂ ಅಂಟಿಕೊಂಡಿದೆ. ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ, ತುಸು ಉಬ್ಬಿದ ಬಿಲ್ಲೆಯೊಂದು ಒಳಗಿರುತ್ತದೆ. ಬಿಸಿ ಗೊತ್ತಾದ ಮಟ್ಟ ಮುಟ್ಟಿದಾಗ ಬಿಲ್ಲೆ ಟಕ್ಕೆಂದು ಇನ್ನೊಂದು ಬದಿಗೆ ಉಬ್ಬಿ ಸಂಪರ್ಕ ಕೂಡಿಸುತ್ತದೆ. ಹಾಗೆ ಉಬ್ಬಿದ್ದು ಅದೇ ಬಿಸಿಯಲ್ಲಿ ಮರಳುವುದಿಲ್ಲ, ಇನ್ನಷ್ಟು ತಣಿಯಬೇಕು. 92 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊತ್ತಿಕೊಂಡ ಫ್ಯಾನ್ 87ಕ್ಕೆ ಇಳಿದಾಗ ಆರುತ್ತದೆ. ಮನೆಯ ಮೇಲಿನ ಟ್ಯಾಂಕಿನ ಆಟೋಮ್ಯಾಟಿಕ್ ಸ್ವಿಚ್ ನೀರು ತಳಕ್ಕೆ ಬಂದಾಗ ಮೋಟರ್ ಹಾಕಿ, ತುಂಬಿದಾಗ ಆರಿಸುತ್ತದಲ್ಲ, ಅದೇ ಉಪಾಯ. ಈ ಅಂತರವಿಲ್ಲದಿದ್ದರೆ ಫ್ಯಾನ್ ಗಳಿಗೆಗೊಮ್ಮೆ ಹೊತ್ತಿ ಆರಿ ಮೋಟರೂ ಅದಕ್ಕೆ ಕರೆಂಟ್ ಕೂಡಿಸುವ ರಿಲೇಯೂ ಬೇಗ ಸವೆಯುತ್ತವೆ. ಇಷ್ಟು ಸರಳವಾದ ಒಂದು ಲೋಹದ ಬಿಲ್ಲೆ ವರ್ಷಗಟ್ಟಲೆ ದುಡಿಯುವುದು ನನಗೆ ಎಂದೂ ಹಳತಾಗದ ಬೆರಗು.

ಹಾಗಿದ್ದರೆ ಕೈಯ ಸ್ವಿಚ್ ಏಕೆ? ಬಿಲ್ಲೆಗೆ ಗೊತ್ತಿರುವುದು ತನ್ನನ್ನು ಮುಟ್ಟಿದ ಬಿಸಿ ಮಾತ್ರ. ಮುಂದಿನ ತಿರುವಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತಿರುವುದು ಚಾಲಕನಿಗೆ ಕಾಣುತ್ತದೆ, ಅದಕ್ಕೆ ಕಾಣುವುದಿಲ್ಲ. ಬಿಸಿ ಏರುವ ಮೊದಲೇ ಫ್ಯಾನ್ ಹಾಕಿದರೆ ರೇಡಿಯೇಟರಿನಲ್ಲಿ ತಣ್ಣನೆಯ ನೀರು ಸಿದ್ಧವಿರುತ್ತದೆ. ಇನ್ನೂ ದೊಡ್ಡ ಕಾರಣ ಬೇರೆಯಿದೆ. ಬಿಲ್ಲೆ ಕೆಲಸ ಮಾಡಬೇಕಾದರೆ ಅದು ನೀರಿನಲ್ಲಿ ಮುಳುಗಿರಬೇಕು. ಹೋಸ್ ಸೋರಿ ನೀರಿನ ಮಟ್ಟ ಇಳಿದರೆ, ಇಲ್ಲವೇ ಅಲ್ಲಿ ಗಾಳಿ ಸಿಕ್ಕಿಕೊಂಡರೆ, ಇಂಜಿನ್ ಕುದಿಯುತ್ತಿದ್ದರೂ ಸ್ವಿಚ್ ತಣ್ಣಗೆ ಕುಳಿತಿರುತ್ತದೆ. ಕಾರಿನ ಮೂತಿಯಲ್ಲಿ ಮಳೆ, ಕೆಸರು, ಕಲ್ಲು ತಿನ್ನುವ ಅದರ ಕನೆಕ್ಟರ್ ತುಕ್ಕು ಹಿಡಿಯುವುದೂ ಹೊಸ ಸಂಗತಿಯಲ್ಲ. 1990ರ ದಶಕದಲ್ಲಿ ಕೇಟರ್‌ಹ್ಯಾಮ್ ಬಳಸಿದ ರೋವರ್ ಕೆ-ಸೀರೀಸ್ ಇಂಜಿನ್ ಹೆಡ್ ಗ್ಯಾಸ್ಕೆಟ್ ಹೋಗುವುದಕ್ಕೆ ಹೆಸರಾದದ್ದು. ಅಲ್ಯೂಮಿನಿಯಂ ಇಂಜಿನ್, ಅದರಲ್ಲಿ ಹಿಡಿಯುವ ನೀರು ಸ್ವಲ್ಪ. ಅಂಥ ಇಂಜಿನಿಗೆ ಒಂದೇ ಒಂದು ಸ್ವಿಚ್ಚಿನ ಮೇಲೆ ಭಾರ ಹಾಕಲು ಯಾರಿಗಾದರೂ ಅಂಜಿಕೆಯಾಗುವುದು ಸಹಜ.

ಕೈಯ ಸ್ವಿಚ್ಚೊಂದೇ ಸಾಕು ಎನ್ನುವವರೂ ಇದ್ದಾರೆ. ಭಾಗಗಳು ಕಡಿಮೆಯಾದಷ್ಟೂ ಕೆಡುವುದು ಕಡಿಮೆ ಎಂಬುದು ಅವರ ವಾದ. ರೇಸ್ ಕಾರಿನ ಮಟ್ಟಿಗೆ ಅದನ್ನು ಒಪ್ಪುತ್ತೇನೆ, ಅಲ್ಲಿ ಚಾಲಕನ ಕಣ್ಣು ಸದಾ ಮೀಟರುಗಳ ಮೇಲೆ ಓಡಾಡುತ್ತಿರುತ್ತದೆ. ಮನೆಮಂದಿಯೂ ಓಡಿಸುವ, ರಸ್ತೆಯ ಕಾರಿಗೆ ಒಪ್ಪಲಾರೆ. ದಾರಿ ಹುಡುಕುವುದರಲ್ಲೋ ಮಾತಿನಲ್ಲೋ ಮೈಮರೆಯದ ಮನುಷ್ಯನಿಲ್ಲ. ರೇಡಿಯೇಟರಿನ ಮುಚ್ಚಳದ ಒತ್ತಡ ಒಂದು ಬಾರ್ ಇದ್ದರೆ ನೀರು ಕುದಿಯುವುದು 120 ಡಿಗ್ರಿಯ ಸುಮಾರಿಗೆ. ಆ ಹಂತ ದಾಟಿದ ಮೇಲೆ ಸ್ವಿಚ್ ನೆನಪಾಗಿ ಉಪಯೋಗವಿಲ್ಲ.

ಆದ್ದರಿಂದ ಎರಡನ್ನೂ ಸಮಾನಾಂತರವಾಗಿ ಜೋಡಿಸಬೇಕು. ಬಿಲ್ಲೆ ಕೂಡಿಸಿದರೂ ಫ್ಯಾನ್ ತಿರುಗಲಿ, ಚಾಲಕ ಕೂಡಿಸಿದರೂ ತಿರುಗಲಿ. ಚಾಲಕ ತನ್ನ ಸ್ವಿಚ್ ಆರಿಸಿದಾಗ ಅಧಿಕಾರ ಬಿಲ್ಲೆಗೆ ಮರಳಬೇಕೇ ಹೊರತು ಫ್ಯಾನ್ ಸತ್ತುಹೋಗಬಾರದು. ಕೆಲವರು ಆಟೋ, ಆಫ್, ಆನ್ ಎಂದು ಮೂರು ಸ್ಥಾನದ ಸ್ವಿಚ್ ಹಾಕುತ್ತಾರೆ. ನಡುವಿನ ಆ ಆಫ್ ನನಗೆ ಭಯ ಹುಟ್ಟಿಸುತ್ತದೆ; ಮೊಣಕಾಲು ತಗುಲಿದರೂ ಇಂಜಿನಿಗೆ ಕಾವಲಿಲ್ಲ. ತುಂಬಿದ ಹಳ್ಳ ದಾಟುವ ಲ್ಯಾಂಡ್ ರೋವರಿಗಾದರೆ ಅದು ಬೇಕು, ನೀರಿನಲ್ಲಿ ತಿರುಗುವ ಫ್ಯಾನಿನ ರೆಕ್ಕೆ ಬಾಗಿ ರೇಡಿಯೇಟರಿಗೇ ಬಡಿಯಬಹುದು. ನೆಲಕ್ಕೆ ಅಂಟಿದಂತೆ ಓಡುವ ಸೆವೆನ್ ಹಳ್ಳಕ್ಕೆ ಇಳಿಯುವುದಿಲ್ಲ. ರಿಪೇರಿಗೆಂದು ಕೈ ಒಳಗಿಡುವಾಗ ಫ್ಯೂಸ್ ಕಿತ್ತಿಟ್ಟರಾಯಿತು.

ಫ್ಯಾನ್ ಹೆಚ್ಚು ಹೊತ್ತು ತಿರುಗಿದರೆ ಇಂಜಿನ್ ತೀರಾ ತಣಿದೀತು ಎಂಬ ಆತಂಕ ಬೇಡ. ನೀರನ್ನು ರೇಡಿಯೇಟರಿಗೆ ಬಿಡುವ ಮೇಣದ ಥರ್ಮೋಸ್ಟಾಟ್ ಇಂಜಿನ್ ತಣಿದಂತೆ ದಾರಿ ಮುಚ್ಚುತ್ತದೆ. ನಷ್ಟವಾಗುವುದು ಕರೆಂಟ್. ಇಂಥ ಫ್ಯಾನ್ ಹತ್ತು ಹದಿನೈದು ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಈ ಕರೆಂಟನ್ನು ಡ್ಯಾಶ್‌ಬೋರ್ಡಿನ ನಾಜೂಕು ಸ್ವಿಚ್ಚಿನ ಮೂಲಕ ಹರಿಸಿದರೆ ಅದರ ಪಾಯಿಂಟ್ ಸುಡುತ್ತದೆ, ವೈರ್ ಬಿಸಿಯಾಗುತ್ತದೆ. ಬಿಲ್ಲೆಯೂ ಕೈಯ ಸ್ವಿಚ್ಚೂ ರಿಲೇಗೆ ಅಪ್ಪಣೆ ಕೊಡಲಿ, ಭಾರ ಹೊರುವುದು ರಿಲೇ ಮತ್ತು ಅದರದೇ ಫ್ಯೂಸಿನ ಪಾಲಿಗಿರಲಿ. ರಿಲೇಯ ಆಚೆ ಬದಿಯಿಂದ ಒಂದು ವೈರ್ ಎಳೆದು ಡ್ಯಾಶ್‌ಬೋರ್ಡಿನಲ್ಲಿ ಚಿಕ್ಕ ದೀಪ ಹಾಕಿದರೆ ಇನ್ನೂ ಒಳ್ಳೆಯದು. ಫ್ಯಾನಿಗೆ ಕರೆಂಟ್ ಹೋಗುತ್ತಿದೆ ಎಂದಷ್ಟೇ ಅದು ಹೇಳುತ್ತದೆ, ತಿರುಗುತ್ತಿದೆ ಎಂದಲ್ಲ. ಆದರೂ ಮುಳ್ಳು 95ರಲ್ಲಿದ್ದು ದೀಪ ಹೊತ್ತದಿದ್ದರೆ ಬಿಲ್ಲೆ ಕೈಕೊಟ್ಟಿರಬಹುದು ಎಂದು ತಕ್ಷಣ ತಿಳಿಯುತ್ತದೆ, ಸ್ವಿಚ್ ಹಾಕಿ ಮನೆ ಸೇರಬಹುದು.

ಇಂಜಿನ್ ಆರಿಸಿದ ಮೇಲೂ ಫ್ಯಾನ್ ತಿರುಗುತ್ತಿರಲಿ ಎಂದು ಅದನ್ನು ನೇರ ಬ್ಯಾಟರಿಗೆ ಕೊಡುವವರಿದ್ದಾರೆ. ಇಂಜಿನ್ ನಿಂತಾಗ ಬೆಲ್ಟಿನಿಂದ ಓಡುವ ವಾಟರ್ ಪಂಪೂ ನಿಲ್ಲುತ್ತದೆ. ಫ್ಯಾನ್ ತಣಿಸುವುದು ಬಹುಮಟ್ಟಿಗೆ ರೇಡಿಯೇಟರಿನಲ್ಲಿ ನಿಂತ ನೀರನ್ನೇ, ಸಿಲಿಂಡರ್ ಹೆಡ್‌ನ ಬಿಸಿ ಅಲ್ಲೇ ಉಳಿಯುತ್ತದೆ. ಚಿಕ್ಕ ಬ್ಯಾಟರಿಯ ಕಾರಿಗೆ ಇಗ್ನಿಷನ್ ಕೀಲಿಯಿಂದ ಬರುವ ಕರೆಂಟೇ ಮೇಲು. ಟ್ರ್ಯಾಕಿನಿಂದ ಬಂದವರು ಆರಿಸುವ ಮುನ್ನ ತುಸು ಹೊತ್ತು ನಿಧಾನವಾಗಿ ಓಡಿಸಿದರೆ ಪಂಪು, ಗಾಳಿ ಎರಡೂ ಸಿಗುತ್ತವೆ.

ಎಲ್ಲ ಜೋಡಿಸಿದ ಮೇಲೆ ಎರಡು ದಾರಿಗಳನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಕೈಯ ಸ್ವಿಚ್ ಹಾಕಿ ಗಾಳಿ ಯಾವ ಕಡೆ ಹೋಗುತ್ತಿದೆ ಎಂದು ಕಾಗದದ ತುಂಡು ಹಿಡಿದು ನೋಡಿ, ಅದು ಮೂತಿಯಿಂದ ಇಂಜಿನಿನ ಕಡೆಗೆ ಸಾಗಬೇಕು. ಮೋಟರಿನ ಎರಡು ವೈರ್ ಅದಲುಬದಲಾದರೆ ಫ್ಯಾನ್ ಎದುರುಗಾಳಿಯ ವಿರುದ್ಧ ಗುದ್ದಾಡುತ್ತಿರುತ್ತದೆ. ಆಮೇಲೆ ಆ ಸ್ವಿಚ್ ಆರಿಸಿ, ಇಂಜಿನನ್ನು ನಿಂತಲ್ಲೇ ಓಡಲು ಬಿಟ್ಟು, ಮುಳ್ಳಿನ ಮೇಲೆ ಕಣ್ಣಿಟ್ಟು ಕಾಯಿರಿ. ಯಾರೂ ಮುಟ್ಟದೆ ಫ್ಯಾನ್ ಹೊತ್ತಿಕೊಂಡು, ಮುಳ್ಳು ಇಳಿದ ಮೇಲೆ ತಾನಾಗಿ ಆರಿದರೆ ಕಾರನ್ನು ರಸ್ತೆಗೆ ತರಬಹುದು.