ಕಪಾಟಿನ ಹಿಡಿಗಳಿಗೆ ಯೋಗ್ಯವಾದ ಲೋಹ

ಕಪಾಟು ಮಾಡಿಸುವವರು ಮರದ ಗುಣವನ್ನು ಹತ್ತು ಬಾರಿ ವಿಚಾರಿಸುತ್ತಾರೆ; ಹಿಡಿಗಳನ್ನಾದರೋ ಹೊಳಪು ನೋಡಿ ಕೊಳ್ಳುತ್ತಾರೆ. ಮಂಗಳೂರಿನಂಥ ಕಡಲತೀರದ ಊರುಗಳಲ್ಲಿ ಇದರಿಂದ ನಷ್ಟವುಂಟು. ಯಾಕೆಂದರೆ ಉಪ್ಪೂ ತೇವವೂ ಕೂಡಿದ ಗಾಳಿಯಲ್ಲಿ ಕಬ್ಬಿಣಕ್ಕೆ ಬೇಗನೆ ತುಕ್ಕು ಹಿಡಿಯುವುದು. ಸತುವಿನ ಮಿಶ್ರಲೋಹದಿಂದ ಎರಕಹೊಯ್ದು ಗಿಲೀಟು ಮಾಡಿದವುಗಳು ಅಗ್ಗವೇನೋ ನಿಜ. ಗಿಲೀಟು ಸವೆದರೆ ಅಂದವು ಉಳಿಯದು.

ನಾವು ಹಿತ್ತಾಳೆಯನ್ನೇ ಮೆಚ್ಚುತ್ತೇವೆ. ತಾಮ್ರ ಸತುಗಳ ಈ ಮಿಶ್ರಣವು ಕಂದಿದರೂ, ಹುಣಿಸೆಹಣ್ಣಿನಿಂದ ತಿಕ್ಕಿ ತೊಳೆದು ಒರಸಿದರೆ ಪುನಃ ಬೆಳಗುವುದು. (ಮೆರುಗೆಣ್ಣೆ ಹಚ್ಚಿದ್ದನ್ನು ಮಾತ್ರ ಹಾಗೆ ತಿಕ್ಕಬಾರದು.) ಅಂಗಡಿಯಲ್ಲಿ ಸೂಜಿಗಲ್ಲನ್ನು ಹಿಡಿದು ನೋಡಿರಿ, ಅಂಟಿಕೊಂಡರೆ ಒಳಗಿರುವುದು ಕಬ್ಬಿಣ. ಸತುವಿಗೆ ಸೂಜಿಗಲ್ಲು ಅಂಟದು. ಅಲ್ಲಿ ತೂಕವೇ ಸಾಕ್ಷಿ. ಹಿತ್ತಾಳೆಯು ನೀರಿಗಿಂತ ಸುಮಾರು 8.5 ಪಾಲು ಭಾರ, ಆ ಮಿಶ್ರಲೋಹವು 7 ಪಾಲಿಗೂ ಕಡಿಮೆ.

ತಿಕ್ಕುವುದಕ್ಕೆ ಬಿಡುವಿಲ್ಲದವರಿಗೆ ಸ್ಟೇನ್‌ಲೆಸ್ ಸ್ಟೀಲು ಒಳ್ಳೆಯದು. ಸಾಧಾರಣವಾದ 304ನೆಯ ಜಾತಿಯಲ್ಲಿ ನೂರಕ್ಕೆ 18 ಪಾಲು ಕ್ರೋಮಿಯಮ್, 8 ಪಾಲು ನಿಕ್ಕಲು ಇರುತ್ತವೆ. ಕಡಲಿನ ಮಗ್ಗುಲಲ್ಲೇ ಇರುವ ಮನೆಗಳಲ್ಲಿ ಇದಕ್ಕೂ ಕಲೆ ಬೀಳುವುದುಂಟು; ಅಂಥಲ್ಲಿಗೆ ಮಾಲಿಬ್ಡಿನಮ್ ಸೇರಿಸಿದ 316ನೆಯದೇ ತಕ್ಕದ್ದು.

ಬಡಗಿಯು ಹಿತ್ತಾಳೆಯ ಹಿಡಿಗೆ ಕಬ್ಬಿಣದ ತಿರುಪುಮೊಳೆ ಹಾಕದಂತೆ ನೋಡಿಕೊಳ್ಳಬೇಕು. ಎರಡು ಲೋಹಗಳು ಉಪ್ಪಿನ ತೇವದಲ್ಲಿ ಒಂದಕ್ಕೊಂದು ತಗಲಿದ್ದರೆ ಕಬ್ಬಿಣವು ಇನ್ನಷ್ಟು ಬೇಗ ಕ್ಷಯಿಸಿ, ಒಂದು ದಿನ ಹಿಡಿಯು ಕೈಗೇ ಬರುವುದು.