ಬಿಲ್ ಹಬ್ಬರ್ಡ್‌ನನ್ನು ಬಿಟ್ಟು ಬಂದವನು ಮತ್ತು ಟಿವಿ ಮುಂದೆ ಕೂತ ಕೋತಿ

ಹಾಸ್ಟೆಲ್ ದಿನಗಳಲ್ಲಿ ನಮ್ಮ ಸೀನಿಯರ್ ಒಬ್ಬನ ಹಾರ್ಡ್‌ಡಿಸ್ಕ್‌ನಿಂದ ಎಲ್ಲರ ಲ್ಯಾಪ್‌ಟಾಪಿಗೂ ಹರಿದುಬಂದ ಒಂದು ಫೋಲ್ಡರ್ ಇತ್ತು: ಪಿಂಕ್ ಫ್ಲಾಯ್ಡ್. ಇಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಪಿಂಕ್ ಫ್ಲಾಯ್ಡ್ ಬ್ಯಾಂಡ್ ಅಲ್ಲ, ಒಂಥರಾ ಮಠ. ಆ ಫೋಲ್ಡರಿನ ತಳದಲ್ಲಿ 'ಅಮ್ಯೂಸ್ಡ್ ಟು ಡೆತ್' ಅಂತ ಇನ್ನೊಂದು ಫೋಲ್ಡರ್ ಬಿದ್ದಿತ್ತು. ಯಾರೂ ತೆರೆದ ಹಾಗಿರಲಿಲ್ಲ. ನಾನು ತೆರೆದಿದ್ದು ಪರೀಕ್ಷೆಯ ಹಿಂದಿನ ರಾತ್ರಿ. ಓದೋದೊಂದು ಬಿಟ್ಟು ಇನ್ನೇನಾದರೂ ಮಾಡಬೇಕಿತ್ತಲ್ಲ. ಮೊದಲು ಕೇಳಿಸಿದ್ದು ಟಿವಿಯ ಗೊಣಗಾಟ, ಎಲ್ಲೋ ದೂರದಲ್ಲಿ ಬೊಗಳುವ ನಾಯಿ, ಆಮೇಲೆ ಒಬ್ಬ ಮುದುಕನ ದನಿ. ಹಾಡಿನ ಮಾತೇ ಇಲ್ಲ. ಮುದುಕ ಯುದ್ಧದ ಕಥೆ ಹೇಳ್ತಿದ್ದ, ಹಿಂದೆ ಗಿಟಾರ್ ನಿಧಾನಕ್ಕೆ ಅಳ್ತಾ ಇತ್ತು.

ಆ ಮುದುಕನ ಹೆಸರು ಆಲ್ಫ್ ರಝೆಲ್. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ರಾಯಲ್ ಫ್ಯುಸಿಲಿಯರ್ಸ್ ಪಡೆಯಲ್ಲಿದ್ದ ಸೈನಿಕ. ಆ ದನಿ ಬಂದಿದ್ದು ಬಿಬಿಸಿಯ ಒಂದು ಸಾಕ್ಷ್ಯಚಿತ್ರದಿಂದ. ತನ್ನನ್ನು ಕಾಡಿದ್ದು ಎರಡು ಸಂಗತಿ ಅಂತಾನೆ. ಸತ್ತವರ ಜೇಬಿನಿಂದ ಸಂಬಳದ ಪುಸ್ತಕಗಳನ್ನು ಆರಿಸಿ ತರಬೇಕಾಗಿ ಬಂದಿದ್ದು ಒಂದು. ಇನ್ನೊಂದು, ಬಿಲ್ ಹಬ್ಬರ್ಡ್ ಅನ್ನೋ ಜೊತೆಗಾರನನ್ನು ಎರಡೂ ಸೈನ್ಯಗಳ ನಡುವಿನ ಬಯಲಿನಲ್ಲಿ ಬಿಟ್ಟು ಬಂದಿದ್ದು. ಗಾಯ ತೀವ್ರವಾಗಿತ್ತು. ರಝೆಲ್ ಅವನನ್ನು ಹೊತ್ತುಕೊಂಡು ಹೊರಟ. ಆದರೆ ಹೆಜ್ಜೆ ಹೆಜ್ಜೆಗೂ ನೋವು ತಾಳಲಾರದೆ ಹಬ್ಬರ್ಡ್ ತನ್ನನ್ನು ಕೆಳಗಿಳಿಸು ಅಂತ ಅಂಗಲಾಚಿದ. ಕೊನೆಗೆ ಇಳಿಸಿದ. ವಾಪಸ್ ಬಂದ.

ಅಷ್ಟು ಹೇಳಿ ಮುಗಿಯುವ ಹೊತ್ತಿಗೆ ಚಾನೆಲ್ ಬದಲಾಗುತ್ತೆ. ಇನ್ನೊಂದು ದನಿ, ಬಹಳ ಸಲೀಸಾಗಿ, ತನಗೆ ಯುದ್ಧ ನೋಡೋದು ಇಷ್ಟ, ನೋಡಿದರೆ ನಮ್ಮವರು ಗೆಲ್ತಿದಾರಾ ಸೋಲ್ತಿದಾರಾ ಗೊತ್ತಾಗುತ್ತೆ ಅನ್ನುತ್ತೆ. ಒಬ್ಬನನ್ನು ಬಿಟ್ಟು ಬಂದ ಸಂಕಟವನ್ನು ಜೀವಮಾನವಿಡೀ ಹೊತ್ತ ಮುದುಕ ಒಂದು ಕಡೆ, ರಿಮೋಟ್ ಒತ್ತಿ ಯಾರನ್ನು ಬೇಕಾದರೂ ಬಿಟ್ಟು ಮುಂದಕ್ಕೆ ಹೋಗಬಲ್ಲ ನಾವು ಇನ್ನೊಂದು ಕಡೆ. ಉಳಿದ ಸುಮಾರು ಎಪ್ಪತ್ತು ನಿಮಿಷ ಇವೆರಡರ ನಡುವೆಯೇ ನಡೆಯುತ್ತೆ.

'ಅಮ್ಯೂಸ್ಡ್ ಟು ಡೆತ್' ಬಂದಿದ್ದು 1992ರ ಸೆಪ್ಟೆಂಬರಿನಲ್ಲಿ. ಪಿಂಕ್ ಫ್ಲಾಯ್ಡ್ ಬಿಟ್ಟು ಹೊರಬಂದಿದ್ದ ರೋಜರ್ ವಾಟರ್ಸ್‌ನ ಮೂರನೇ ಸೋಲೋ ಆಲ್ಬಂ. ಗಿಟಾರ್ ಜೆಫ್ ಬೆಕ್‌ನದು. ಹೆಸರು ಬಂದಿದ್ದು ಅಮೆರಿಕದ ಮಾಧ್ಯಮ ಚಿಂತಕ ನೀಲ್ ಪೋಸ್ಟ್‌ಮನ್ 1985ರಲ್ಲಿ ಬರೆದ 'ಅಮ್ಯೂಸಿಂಗ್ ಅವರ್‌ಸೆಲ್ವ್ಸ್ ಟು ಡೆತ್' ಪುಸ್ತಕದಿಂದ. ಪೋಸ್ಟ್‌ಮನ್ ವಾದವನ್ನು ಒಂದೇ ಉಸಿರಲ್ಲಿ ಹೇಳಬಹುದು. ನಾವೆಲ್ಲ ಆರ್ವೆಲ್ ಹೇಳಿದ ಸರ್ವಾಧಿಕಾರಿಗೆ ಹೆದರಿ ಕೂತಿದ್ವಿ, ಆದರೆ ಬಂದಿದ್ದು ಹಕ್ಸ್‌ಲಿ ಹೇಳಿದ ಸುಖ. ಪುಸ್ತಕ ನಿಷೇಧಿಸೋ ಅಗತ್ಯವೇ ಇಲ್ಲ, ಓದುವವರೇ ಇಲ್ಲದಿದ್ದರೆ. ಟಿವಿಯಲ್ಲಿ ಧಾರಾವಾಹಿ ಬಂದರೆ ಅಪಾಯವೇನಿಲ್ಲ ಅಂತಾನೆ ಪೋಸ್ಟ್‌ಮನ್. ಸುದ್ದಿ, ಚುನಾವಣೆ, ದೇವರು, ಶಿಕ್ಷಣ ಎಲ್ಲವೂ ಧಾರಾವಾಹಿಯ ಧಾಟಿಯಲ್ಲಿ ಬರೋಕೆ ಶುರುವಾದಾಗ ಅಪಾಯ. ಮುಂದೆ ಅವನೇ ಇನ್ನೊಂದು ಪುಸ್ತಕದಲ್ಲಿ, ವಾಟರ್ಸ್‌ನ ಆಲ್ಬಂನಿಂದಾಗಿ ವಿದ್ಯಾರ್ಥಿಗಳ ನಡುವೆ ತನ್ನ ಮರ್ಯಾದೆ ಹೆಚ್ಚಾಯ್ತು, ಹಾಗಾಗಿ ರಾಕ್ ಸಂಗೀತವನ್ನು ಬೈಯೋ ಸ್ಥಿತಿಯಲ್ಲಿ ತಾನಿಲ್ಲ ಅಂತ ತಮಾಷೆ ಮಾಡಿದ.

ಆಲ್ಬಂನ ಮುಖಪುಟದಲ್ಲಿ ಒಂದು ಚಿಂಪಾಂಜಿ ಟಿವಿ ಮುಂದೆ ಕೂತಿದೆ. ಟಿವಿಯೊಳಗಿಂದ ದೊಡ್ಡದೊಂದು ಕಣ್ಣುಗುಡ್ಡೆ ನಮ್ಮತ್ತ ನೋಡ್ತಿದೆ. ಹಾಡುಗಳೂ ಆ ಕೋತಿ ಚಾನೆಲ್ ತಿರುಗಿಸಿದ ಹಾಗೆಯೇ ಬರುತ್ತವೆ: ಮಾರುಕಟ್ಟೆ, ದೇವರು, ಯುದ್ಧ, ಮತ್ತೆ ದೇವರು. ದೇವರ ಹೆಸರಲ್ಲಿ ಯಾರು ಯಾರಿಗೆ ಏನೇನು ಬೇಕು ಅಂತ ಪಟ್ಟಿ ಮಾಡುವ ಹಾಡು ಮೂರು ಭಾಗಗಳಲ್ಲಿದೆ. ನನಗನಿಸೋದು, ಒಂದೇ ಸಾಕಿತ್ತು.

ನಿಜವಾಗಿ ಚುರುಕು ಮುಟ್ಟಿಸೋದು 'ಪರ್ಫೆಕ್ಟ್ ಸೆನ್ಸ್' ಅನ್ನೋ ಎರಡು ಭಾಗದ ಹಾಡು. ಎರಡನೇ ಭಾಗದಲ್ಲಿ ಮಾರ್ವ್ ಆಲ್ಬರ್ಟ್ ಬರ್ತಾನೆ. ಅಮೆರಿಕದ ನಿಜವಾದ, ಮನೆಮಾತಾದ ಬಾಸ್ಕೆಟ್‌ಬಾಲ್ ಕಾಮೆಂಟೇಟರ್. ಅವನ ಕಾಮೆಂಟರಿ ಕೇಳ್ತಾ ಕೇಳ್ತಾ ಗೊತ್ತಾಗುತ್ತೆ, ನಡೀತಿರೋದು ಪಂದ್ಯ ಅಲ್ಲ. ಒಂದು ಜಲಾಂತರ್ಗಾಮಿ ಸಮುದ್ರದ ಮಧ್ಯದ ತೈಲ ರಿಗ್ ಮೇಲೆ ದಾಳಿ ಮಾಡ್ತಿದೆ. ಗುರಿ ತಾಗಿದಾಗ ಗೋಲು ಹೊಡೆದಂತೆ ಕೂಗಾಟ. ಆಮೇಲೆ ಇಡೀ ಸ್ಟೇಡಿಯಂ ಎದ್ದು ನಿಂತು ದುಡ್ಡಿನ ಮೇಲೊಂದು ರಾಷ್ಟ್ರಗೀತೆ ಹಾಡುತ್ತೆ. ಅದರ ರಾಗ ಎಷ್ಟು ಚೆನ್ನಾಗಿದೆ ಅಂದರೆ ನೀವೂ ಗುನುಗೋಕೆ ಶುರು ಮಾಡ್ತೀರಿ. ಗುನುಗ್ತಿದೀನಿ ಅಂತ ಗೊತ್ತಾದಾಗ ಸ್ವಲ್ಪ ನಾಚಿಕೆ ಆಗುತ್ತೆ.

ಇದಕ್ಕೆ ಹಿನ್ನೆಲೆ 1991ರ ಕೊಲ್ಲಿ ಯುದ್ಧ. ಬಾಗ್ದಾದಿನ ಹೋಟೆಲ್ ಕೋಣೆಯಿಂದ ಸಿಎನ್‌ಎನ್ ವರದಿಗಾರರು ಬಾಂಬ್ ದಾಳಿಯನ್ನು ನೇರವಾಗಿ ಬಿತ್ತರಿಸಿದ್ದು ಆಗ. ಬಾಂಬಿನ ಮೂತಿಗೆ ಕಟ್ಟಿದ ಕ್ಯಾಮೆರಾದಿಂದ ಕಟ್ಟಡ ಹತ್ತಿರ ಹತ್ತಿರ ಬಂದು ಪರದೆ ಖಾಲಿಯಾಗೋ ದೃಶ್ಯ ಜಗತ್ತು ಕಂಡಿದ್ದೂ ಆಗಲೇ. ಒಳಗೆ ಯಾರಿದ್ದರು ಅನ್ನೋದು ಆ ಕ್ಯಾಮೆರಾಕ್ಕೆ ಕಾಣಲ್ಲ. 'ದ ಬ್ರೇವರಿ ಆಫ್ ಬೀಯಿಂಗ್ ಔಟ್ ಆಫ್ ರೇಂಜ್' ಅನ್ನೋ ಹಾಡಿನ ಹೆಸರೇ ಅದನ್ನು ಹೇಳುತ್ತೆ: ಗುಂಡು ತಲುಪದಷ್ಟು ದೂರದಲ್ಲಿರುವವನ ಧೈರ್ಯ. ಆ ದೂರದಲ್ಲಿ ಅಧ್ಯಕ್ಷ ಇದ್ದಾನೆ, ಪೈಲಟ್ ಇದ್ದಾನೆ, ಬಾರಿನ ಸ್ಟೂಲ್ ಮೇಲೆ ಬಿಯರ್ ಹಿಡಿದು ಟಿವಿ ನೋಡ್ತಿರೋ ಗಿರಾಕಿಯೂ ಇದ್ದಾನೆ. 'ಲೇಟ್ ಹೋಮ್ ಟುನೈಟ್' ಇನ್ನೂ ಹಿಂದಕ್ಕೆ, 1986ರ ಏಪ್ರಿಲ್‌ಗೆ ಹೋಗುತ್ತೆ. ಲಿಬಿಯಾದ ಮೇಲೆ ಬಾಂಬ್ ಹಾಕಿದ ಅಮೆರಿಕದ ಎಫ್-111 ವಿಮಾನಗಳು ಹಾರಿದ್ದು ಇಂಗ್ಲೆಂಡಿನ ನೆಲೆಗಳಿಂದ. ಹಾಡಿನಲ್ಲಿ ಇಂಗ್ಲೆಂಡಿನ ಅಡುಗೆಮನೆ, ಟ್ರಿಪೊಲಿಯ ಮನೆ, ನಡುವೆ ಹಾರುವ ಹುಡುಗ ಪೈಲಟ್. ಯಾರೂ ರಾಕ್ಷಸರಲ್ಲ. ಎಲ್ಲರೂ ದೂರದಲ್ಲಿದ್ದಾರೆ, ಅಷ್ಟೇ.

ವಾಟರ್ಸ್‌ಗೆ ಇದು ಪುಸ್ತಕ ಓದಿ ಹುಟ್ಟಿದ ಕೋಪ ಮಾತ್ರ ಅಲ್ಲ. ಅವನು ಐದು ತಿಂಗಳ ಕೂಸಾಗಿದ್ದಾಗ, 1944ರಲ್ಲಿ, ಅಪ್ಪ ಎರಿಕ್ ಇಟಲಿಯ ಆಂಜಿಯೋದಲ್ಲಿ ಸತ್ತ. ಬಿಟ್ಟು ಬರಲ್ಪಟ್ಟವನ ಮಗ ಅವನು. ರಝೆಲ್‌ನ ಕಥೆ ಅವನಿಗೆ ಯಾಕೆ ಹಿಡಿಸಿತು ಅಂತ ಬೇರೆ ಹೇಳಬೇಕಿಲ್ಲ.

ಈಗ ಸ್ವಲ್ಪ ಇಂಜಿನಿಯರಿಂಗ್, ಸಹಿಸಿಕೊಳ್ಳಿ. ಈ ಆಲ್ಬಂ ಮಿಕ್ಸ್ ಆಗಿದ್ದು ಕ್ಯೂಸೌಂಡ್ ಅನ್ನೋ ತಂತ್ರದಲ್ಲಿ. ಒಂದು ಶಬ್ದ ಎಲ್ಲಿಂದ ಬರ್ತಿದೆ ಅಂತ ನಮ್ಮ ಮಿದುಳು ಲೆಕ್ಕ ಹಾಕೋದು ಎರಡು ಕಿವಿಗೆ ಅದು ತಲುಪುವ ಸಮಯ ಮತ್ತು ಜೋರಿನ ಸಣ್ಣ ವ್ಯತ್ಯಾಸದಿಂದ. ಮಿಲಿಸೆಕೆಂಡಿಗಿಂತ ಕಡಿಮೆ ವ್ಯತ್ಯಾಸ. ಎಡ ಬಲ ಸ್ಪೀಕರ್‌ಗಳಿಗೆ ಹೋಗುವ ಸಿಗ್ನಲ್‌ನಲ್ಲಿ ಈ ವ್ಯತ್ಯಾಸವನ್ನು ಬೇಕಂತಲೇ ತಿದ್ದಿದರೆ, ಸ್ಪೀಕರ್ ಇಲ್ಲದ ಜಾಗದಿಂದ ಶಬ್ದ ಬಂದ ಹಾಗೆ ಅನಿಸುತ್ತೆ. ಶುರುವಿನ ನಾಯಿ ನಿಮ್ಮ ಕೋಣೆಯ ಆಚೆ, ಪಕ್ಕದ ಮನೆ ಕಾಂಪೌಂಡಿನಲ್ಲಿ ಬೊಗಳುತ್ತೆ. ಇದು ಎರಡು ಸ್ಪೀಕರ್‌ಗಳ ನಡುವೆ ಸರಿಯಾದ ಜಾಗದಲ್ಲಿ ಕೂತವರಿಗೆ ಮಾತ್ರ. ಹೆಡ್‌ಫೋನಿನಲ್ಲಿ ಮಜಾ ಅರ್ಧ, ಹಾಸ್ಟೆಲ್‌ನ ಕಳಪೆ ಎಂಪಿ3ಯಲ್ಲಿ ಅದೂ ಇಲ್ಲ. ನನಗೆ ಆ ನಾಯಿ ಸರಿಯಾಗಿ ಕೇಳಿಸೋಕೆ ಹತ್ತು ವರ್ಷ ಹಿಡೀತು, ಅದೂ ಸ್ನೇಹಿತನ ಮನೆಯಲ್ಲಿ. ಕೂತ ಕಡೆಯಿಂದ ಎದ್ದು ಕಿಟಕಿ ನೋಡಿದೆ.

ವ್ಯಂಗ್ಯ ಏನಂದ್ರೆ, ಇದರಿಂದಾಗಿಯೇ ಈ ಆಲ್ಬಂ ದುಬಾರಿ ಸ್ಪೀಕರ್ ಕೊಳ್ಳುವವರ ಪ್ರೀತಿಯ ಡೆಮೋ ಡಿಸ್ಕ್ ಆಯ್ತು. ನಾಯಿ ಕೇಳಿಸ್ತಾ? ಬಾಂಬ್ ಸ್ಫೋಟಕ್ಕೆ ನೆಲ ನಡುಗ್ತಾ? ಹಾಗಾದ್ರೆ ಬಿಲ್ ಹಾಕಿ. ಸಾವನ್ನು ಮನರಂಜನೆ ಮಾಡಬೇಡಿ ಅನ್ನೋ ಆಲ್ಬಂನ ಸ್ಫೋಟವೇ ಮನರಂಜನೆ. 2015ರಲ್ಲಿ ಹೊಸ ಮಿಕ್ಸ್ ಬಂತು, ಅದಕ್ಕೆ ಸರೌಂಡ್ ಸೌಂಡ್ ವಿಭಾಗದಲ್ಲಿ ಗ್ರ್ಯಾಮಿಯೂ ಬಂತು. ಆ ಆವೃತ್ತಿಯ ಮುಖಪುಟದಲ್ಲಿ ಚಿಂಪಾಂಜಿ ಎದ್ದುಹೋಗಿ ಆ ಜಾಗದಲ್ಲಿ ಒಂದು ಮಗು ಕೂತಿದೆ.

ವಾಟರ್ಸ್ ಈ ವಿರೋಧಾಭಾಸದ ಹೊರಗಿದ್ದಾನೆ ಅಂತ ನಾನು ಹೇಳ್ತಿಲ್ಲ. 'ವಾಚಿಂಗ್ ಟಿವಿ' ಹಾಡು ತೊಗೊಳ್ಳಿ. 1989ರ ಜೂನ್‌ನಲ್ಲಿ ಬೀಜಿಂಗಿನ ತಿಯಾನನ್ಮೆನ್ ಚೌಕದಲ್ಲಿ ಸತ್ತ ಒಬ್ಬ ವಿದ್ಯಾರ್ಥಿನಿಗಾಗಿ ಅಳುವ ಹಾಡು. ಚರಿತ್ರೆಯಲ್ಲಿ ಸತ್ತ ಅಷ್ಟೊಂದು ಜನರಿಗೆ ಅಳದ ನಾವು ಇವಳಿಗೆ ಯಾಕೆ ಅಳ್ತೀವಿ? ಇವಳು ಟಿವಿಯಲ್ಲಿ ಸತ್ತಳು, ಅದಕ್ಕೆ. ಪ್ರಶ್ನೆ ಒಳ್ಳೇದೇ. ಆದರೆ ಹಾಡು ಅವಳ ಬಗ್ಗೆ ಮಾತಾಡುವ ಧಾಟಿಯಲ್ಲಿ ಹೊರಗಿನ ಗಂಡಸಿನ ಕುತೂಹಲ ಇದೆ, ಅವಳ ಹೆಸರಿಲ್ಲ. ಹಬ್ಬರ್ಡ್‌ಗೆ ಸಿಕ್ಕ ಘನತೆ ಅವಳಿಗೆ ಸಿಗಲಿಲ್ಲ. ಇನ್ನು 2023ರ ಫೆಬ್ರವರಿಯಲ್ಲಿ, ರಷ್ಯಾದ ಆಹ್ವಾನದ ಮೇಲೆ ಇದೇ ವಾಟರ್ಸ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯನ್ನು ಉದ್ದೇಶಿಸಿ ಮಾತಾಡಿದ. ಉಕ್ರೇನ್ ಮೇಲಿನ ಆಕ್ರಮಣ ಕಾನೂನುಬಾಹಿರ ಅಂದ, ಜೊತೆಗೇ ಅದು ಪ್ರಚೋದನೆ ಇಲ್ಲದೆ ಆಗಿದ್ದಲ್ಲ ಅಂತಲೂ ಅಂದ. ಬಾಂಬ್ ಬೀಳುವ ಊರಿನಿಂದ ದೂರ ಕೂತು ಪ್ರಚೋದನೆಯ ಲೆಕ್ಕ ಹಾಕೋದಕ್ಕೆ ಏನಂತಾರೆ ಅನ್ನೋದನ್ನು ಅವನದೇ ಹಾಡೊಂದು ಮೂವತ್ತು ವರ್ಷ ಮೊದಲೇ ಹೇಳಿತ್ತು.

ಹಾಗಂತ ಆಲ್ಬಂ ಹಳತಾಗಿದೆಯಾ? ಅದು ಬಂದ ಮರುತಿಂಗಳು, 1992ರ ಅಕ್ಟೋಬರ್ 2ರಂದು, ಭಾರತದಲ್ಲಿ ಜೀ ಟಿವಿ ಶುರುವಾಯ್ತು. ಕೊಲ್ಲಿ ಯುದ್ಧದ ಹೊತ್ತಿಗೇ ಇಲ್ಲಿನ ಕೆಲವು ಕೇಬಲ್‌ನವರು ಡಿಶ್ ಹಾಕಿ ಸಿಎನ್‌ಎನ್ ತೋರಿಸೋಕೆ ಹಿಡಿದಿದ್ದರು. ಅಂದರೆ ನಮ್ಮ ಖಾಸಗಿ ಟಿವಿಯ ಕಥೆಗೂ ಒಂದು ಯುದ್ಧವೇ ಮುನ್ನುಡಿ. 2025ರ ಮೇ ತಿಂಗಳ ಆ ರಾತ್ರಿಗಳನ್ನು ನೆನಪಿಸಿಕೊಳ್ಳಿ. ಕರಾಚಿ ಬಂದರು ಧ್ವಂಸ ಅಂತ ಸ್ಟುಡಿಯೋಗಳು ಕುಣಿದವು. ಬಂದರು ಅಲ್ಲೇ ಇತ್ತು. ಕಾರ್ಯಕ್ರಮಗಳ ಹಿನ್ನೆಲೆಗೆ ವಾಯುದಾಳಿಯ ಸೈರನ್ ಹಾಕಿದರು. ಕೊನೆಗೆ ಕೇಂದ್ರ ಗೃಹ ಇಲಾಖೆಯೇ ಸೈರನ್ ಶಬ್ದ ಬಳಸಬೇಡಿ ಅಂತ ಚಾನೆಲ್‌ಗಳಿಗೆ ಸೂಚನೆ ಕೊಡಬೇಕಾಯ್ತು. ನಿಜವಾದ ಸೈರನ್ ಕೂಗಿದಾಗ ಗಡಿ ಜಿಲ್ಲೆಗಳ ಜನ ಅದನ್ನೂ ಟಿವಿ ಸದ್ದು ಅಂದುಕೊಂಡರೆ ಗತಿ ಏನು? ಮಾರ್ವ್ ಆಲ್ಬರ್ಟ್ ಕಾಮೆಂಟರಿ ವಿಡಂಬನೆ ಅಂತ ಇನ್ನು ಯಾರಿಗಾದ್ರೂ ಬಿಡಿಸಿ ಹೇಳೋದು ಕಷ್ಟ.

ಆ ರಾತ್ರಿ ನಾನೂ ನೋಡ್ತಾ ಕೂತಿದ್ದೆ, ಎರಡೂವರೆವರೆಗೆ. ಪತ್ರಕರ್ತ, ಹಾಗಾಗಿ ಕೆಲಸ ಅಂತ ಹೇಳಿಕೊಂಡೆ. ಫೋನಿನಲ್ಲಿ ಒಂದು ಸ್ಫೋಟ, ಹೆಬ್ಬೆರಳು, ಒಂದು ಬಿರಿಯಾನಿ ರೆಸಿಪಿ, ಹೆಬ್ಬೆರಳು, ಗಾಜಾದ ಒಂದು ಮಗು, ಹೆಬ್ಬೆರಳು. ವಾಟರ್ಸ್‌ನ ಕೋತಿಗೆ ಚಾನೆಲ್ ಬದಲಾಯಿಸೋಕೆ ಕನಿಷ್ಠ ರಿಮೋಟ್ ಹುಡುಕಬೇಕಿತ್ತು. ಪೋಸ್ಟ್‌ಮನ್ ತನ್ನ ಪುಸ್ತಕದ ಒಂದು ಅಧ್ಯಾಯವನ್ನು ಇದಕ್ಕೇ ಮೀಸಲಿಟ್ಟಿದ್ದ: ವಾರ್ತಾ ವಾಚಕರು ಒಂದು ಸುದ್ದಿಯಿಂದ ಇನ್ನೊಂದಕ್ಕೆ ದಾಟಲು ಬಳಸುವ ಆ ಪುಟ್ಟ ಪದ, 'ಈಗ...'. ಈಗ ಕ್ರೀಡೆ, ಈಗ ಹವಾಮಾನ. ಹಿಂದಿನದನ್ನು ಮರೆಯಲು ಕೊಡುವ ಪರವಾನಗಿ ಅದು. ನಮಗೆ ಆ ಪದದ ಹಂಗೂ ಇಲ್ಲ.

ಆಲ್ಬಂ ಬಂದಾಗ ಬ್ರಿಟನ್ ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಹೋಯ್ತು, ಅಮೆರಿಕದಲ್ಲಿ 21ಕ್ಕೆ ನಿಂತಿತು. ವಾಟರ್ಸ್ ಆಗ ಅದರ ಪ್ರವಾಸ ಮಾಡಲಿಲ್ಲ. ಏಳು ವರ್ಷದ ಮೇಲೆ 'ಇನ್ ದ ಫ್ಲೆಶ್' ಪ್ರವಾಸ ಶುರುವಾದಾಗ ಇದರ ಕೆಲವು ಹಾಡುಗಳು ವೇದಿಕೆ ಹತ್ತಿದವು. ಅದೇ ಪ್ರವಾಸ 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂತು. ಆಗ ನಾನು ಶಾಲೆಯಲ್ಲಿದ್ದೆ, ಹೆಸರೂ ಗೊತ್ತಿರಲಿಲ್ಲ. ಮುಂದಿನ ರಾಕ್ ಆಲ್ಬಂ ಮಾಡೋಕೆ ಅವನು 2017ರವರೆಗೆ, ಅಂದರೆ 25 ವರ್ಷ ತೊಗೊಂಡ.

ಕೊನೆಯ ಹಾಡಿನಲ್ಲಿ ಮನುಷ್ಯಕುಲ ಮುಗಿದಿದೆ. ಬೇರೆ ಗ್ರಹದ ಮಾನವಶಾಸ್ತ್ರಜ್ಞರು ಬಂದು, ಟಿವಿ ಸುತ್ತ ಗುಂಪುಗೂಡಿದ ನಮ್ಮ ನೆರಳುಗಳನ್ನು ಕಂಡು, ಏನಾಗಿರಬಹುದು ಅಂತ ತಲೆಕೆಡಿಸಿಕೊಳ್ತಾರೆ. ಅಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಬುದ್ಧಿವಂತ ಬೈಗುಳ ಆಗಿರುತ್ತಿತ್ತು. ಆದರೆ ಸಂಗೀತ ತಗ್ಗಿದ ಮೇಲೆ ಮತ್ತೆ ಆಲ್ಫ್ ರಝೆಲ್ ಬರ್ತಾನೆ. ಎಷ್ಟೋ ವರ್ಷಗಳ ಮೇಲೆ, ಕಾಣೆಯಾದ ಸೈನಿಕರ ಸ್ಮಾರಕಕ್ಕೆ ಹೋಗಿದ್ದ. ಅಲ್ಲಿನ ನೋಂದಣಿ ಪುಸ್ತಕದಲ್ಲಿ, ಆಮೇಲೆ ಕಲ್ಲಿನ ಮೇಲೆ, ಬಿಲ್ ಹಬ್ಬರ್ಡ್‌ನ ಹೆಸರು ಕಂಡ. ಅದುವರೆಗೆ ಒಂದು ದುಃಸ್ವಪ್ನವಾಗಿದ್ದವನು ಮತ್ತೆ ಮನುಷ್ಯನಾದ, ನನ್ನೆದೆ ಸ್ವಲ್ಪ ಹಗುರಾಯ್ತು ಅಂತಾನೆ. ಹೆಂಗಸಿನ ದನಿಯೊಂದು ಕೇಳುತ್ತೆ, ಅದು ಯಾವಾಗ? ಮುದುಕ ತನ್ನ ವಯಸ್ಸಿನಿಂದ ಲೆಕ್ಕ ಹಾಕ್ತಾನೆ, ಸ್ವಲ್ಪ ತಡವರಿಸ್ತಾನೆ. ನನಗೆ 87 ವರ್ಷ ಆಗಿತ್ತು, ಹಾಗಾದರೆ ಅದು 1984.